ಕುತ್ತಿಗೆಯ ನಾಳಕ್ಕೆ ಕಡಿದಾದ ದಾರಿ

ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ಕಟ್ಟಿಕೊಂಡರೆ ಸ್ಟೆಂಟ್ ಹಾಕಿ ತೆರೆಯಬಹುದು. ಆದರೆ ಆ ಸ್ಟೆಂಟು ಅಲ್ಲಿಗೆ ತಲುಪುವ ಹಾದಿಯೇ ಎಷ್ಟೋ ಸಲ ಬ್ಲಾಕಿಗಿಂತ ದೊಡ್ಡ ಸಮಸ್ಯೆ.

ಕುತ್ತಿಗೆಯೊಳಗೆ ಸ್ಟೆಂಟ್ ಬಿಚ್ಚಿಕೊಳ್ಳಲು ಕೆಲವು ಸೆಕೆಂಡು ಸಾಕು. ಬಲೂನು ಉಬ್ಬಿಸಿ ಇಳಿಸುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಕೆಲಸ. ಕ್ಯಾಥ್ ಲ್ಯಾಬಿನಲ್ಲಿ ಮಿಕ್ಕ ಸಮಯ, ಮಿಕ್ಕ ಬೆವರು ಎಲ್ಲ ಖರ್ಚಾಗುವುದು ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ಒಳಹೊಕ್ಕ ತಂತಿಯನ್ನು ಎದೆಯ ತಿರುವು ದಾಟಿಸಿ ಕುತ್ತಿಗೆವರೆಗೆ ಒಯ್ಯುವುದರಲ್ಲಿ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು ಕೇಳುವುದು, "ಎಷ್ಟು ಪರ್ಸೆಂಟ್ ಬ್ಲಾಕ್ ಐತ್ರೀ?" ಎಂದು. ಒಳಗೆ ಸೀಸದ ಅಂಗಿ ತೊಟ್ಟು ನಿಂತ ವೈದ್ಯರನ್ನು ಕಾಡುವ ಪ್ರಶ್ನೆ ಬೇರೆ. ಅಲ್ಲಿಗೆ ಹೋಗುವುದು ಹೇಗೆ?

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು. ಇಲ್ಲಿನ ಹಳ್ಳಿಗಳಿಂದ ಪಾರ್ಶ್ವವಾಯುವಿನ ಚಿಕಿತ್ಸೆಗೆಂದು ದಾವಣಗೆರೆಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುವವರ ಕೈಯಲ್ಲಿ ಸ್ಕ್ಯಾನ್ ರಿಪೋರ್ಟು ಇರುತ್ತದೆ, ಬ್ಲಾಕಿನ ಪರ್ಸೆಂಟೇಜು ಬಾಯಿಪಾಠವಾಗಿರುತ್ತದೆ. ದಾರಿಯ ವಿಚಾರವನ್ನು ಅವರೊಂದಿಗೆ ಕೂತು ಮಾತಾಡುವವರು ಕಡಿಮೆ. ಚಿಕಿತ್ಸೆ ಹೇಗೆ ಮುಗಿಯಬಹುದು ಎಂಬುದರ ಬಹುಪಾಲು ನಿಂತಿರುವುದು ಆ ವಿಚಾರದ ಮೇಲೆಯೇ.

ಹತ್ತು ನಿಮಿಷದ ಜೋಮು

ಹಡಗಲಿ ತಾಲೂಕಿನ ಹೊಳಲು ಅನಂತಶಯನನ ಗುಡಿಗೆ ಹೆಸರಾದ ಊರು. ಕಾರ್ಣಿಕದ ಮೈಲಾರ ಇದೇ ತಾಲೂಕಿನದು. ಜೋಳ, ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಸೀಮೆ. ಇಲ್ಲಿನ ಎಪ್ಪತ್ತು ದಾಟಿದ ರೈತರೊಬ್ಬರನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತು ವರ್ಷದ ಬಿ.ಪಿ., ಹತ್ತು ವರ್ಷದ ಶುಗರ್, ಅದಕ್ಕಿಂತ ಹಳೆಯದಾದ ಬೀಡಿ. ಬೆಳಿಗ್ಗೆ ಚಹಾದ ಲೋಟ ಬಲಗೈಯಿಂದ ಜಾರುತ್ತದೆ. ಏನೋ ಹೇಳಹೋದರೆ ನಾಲಿಗೆ ಹೊರಳುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತಾಗುತ್ತದೆ. "ಏನಿಲ್ಲ ಬಿಡ, ರಾತ್ರಿ ನಿದ್ದಿ ಆಗಿಲ್ಲ, ಜೋಮು ಹಿಡದಿತ್ತು" ಎಂದು ಅವರು ಹೊಲಕ್ಕೆ ಹೊರಡುತ್ತಾರೆ. "ನೀವು ಸುಮ್ನಿರ್ರಿ, ದವಾಖಾನಿಗೆ ಹೋಗಾಣ ನಡೀರಿ" ಎಂದು ಹೆಂಡತಿ ಅಡ್ಡ ನಿಲ್ಲುತ್ತಾಳೆ. ಆ ಮನೆಯಲ್ಲಿ ಆ ದಿನ ಯಾರ ಮಾತು ನಡೆಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಬಂದು ಹೋಗುವ ಈ ಹೊಡೆತಕ್ಕೆ ವೈದ್ಯರು ಟಿ.ಐ.ಎ. ಎನ್ನುತ್ತಾರೆ. 2000ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಹೀಗೆ ಟಿ.ಐ.ಎ. ಆಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,707 ಮಂದಿಯನ್ನು ಮೂರು ತಿಂಗಳು ಹಿಂಬಾಲಿಸಿತು. ಅವರಲ್ಲಿ 180 ಮಂದಿಗೆ, ಅಂದರೆ ಶೇ. 10.5ರಷ್ಟು ಜನಕ್ಕೆ ನಿಜವಾದ ಲಕ್ವ ಹೊಡೆಯಿತು. ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನಗಳಲ್ಲಿ. ಜೋಮು ಇಳಿಯಿತು ಎಂದರೆ ಅಪಾಯ ಇಳಿಯಿತು ಎಂದಲ್ಲ. ಅಪಾಯದ ಗಡಿಯಾರ ಓಡಲು ಶುರುವಾಗುವುದೇ ಆಗ.

ಕುತ್ತಿಗೆಯ ಎರಡೂ ಬದಿಯಲ್ಲಿ ಮುಟ್ಟಿದರೆ ಮಿಡಿಯುವುದು ಕ್ಯಾರೋಟಿಡ್ ನಾಳ. ದವಡೆಯ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಒಳಗಿನ ಕವಲು ಮಿದುಳಿಗೆ, ಹೊರಗಿನದು ಮುಖ ಮತ್ತು ನೆತ್ತಿಗೆ. ಕವಲಿನ ಬುಡದಲ್ಲಿ ರಕ್ತದ ಹರಿವು ಸುಳಿಗಟ್ಟುತ್ತದೆ. ಕೊಬ್ಬು, ಸುಣ್ಣ ಸೇರಿ ಪ್ಲಾಕ್ ಕಟ್ಟುವುದು ಹೆಚ್ಚಾಗಿ ಅಲ್ಲೇ. ಪ್ಲಾಕಿನ ಚೂರೊಂದು ಕಳಚಿ ಮೇಲಕ್ಕೆ ಹೋದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಲ್ಲುತ್ತದೆ. ಎಡಗಡೆಯ ನಾಳ ಕೆಟ್ಟರೆ ಬಲಗೈ, ಬಲಗಾಲು, ಮಾತು ಹೋಗುತ್ತವೆ. ಕೆಲವರಿಗೆ ನಾಳ ಕೆಟ್ಟ ಬದಿಯ ಕಣ್ಣಿಗೇ ಪರದೆ ಇಳಿದಂತೆ ಕತ್ತಲೆ ಕವಿದು, ತುಸು ಹೊತ್ತಿಗೆ ಸರಿಯುತ್ತದೆ.

1953ನೆಯ ಇಸವಿ

ಈ ಪ್ಲಾಕನ್ನು ಕುತ್ತಿಗೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಗೆ ಎಪ್ಪತ್ತು ವರ್ಷ ದಾಟಿದೆ. 1953ರ ಆಗಸ್ಟಿನಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕೆಲ್ ಡಿಬೇಕಿ ಶಾಲಾ ಬಸ್ಸಿನ ಚಾಲಕರೊಬ್ಬರಿಗೆ ಇದನ್ನು ಮಾಡಿದರು. ಅದೇ 1953ರಲ್ಲಿ ಸ್ವೀಡನ್ನಿನ ಸ್ವೆನ್ ಐವರ್ ಸೆಲ್ಡಿಂಗರ್ ಸೂಜಿ ಚುಚ್ಚಿ, ಅದರೊಳಗೆ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ಕೊಳವೆ ಏರಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಹೃದಯಕ್ಕಾಗಲಿ ಮಿದುಳಿಗಾಗಲಿ ಕುತ್ತಿಗೆಗಾಗಲಿ, ಕೊಯ್ಯದೆ ನಾಳದೊಳಗೇ ಹೋಗಿ ಮಾಡುವ ಚಿಕಿತ್ಸೆಗಳೆಲ್ಲ ಆ ತಂತಿಯ ಮೇಲೆಯೇ ಸಾಗುತ್ತವೆ. ಅದಕ್ಕೂ ಮೊದಲು, 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಮಿದುಳಿನ ನಾಳಗಳ ಎಕ್ಸ್‌ರೇ ಚಿತ್ರ ತೆಗೆದಾಗ ಬಣ್ಣದ ದ್ರಾವಣವನ್ನು ನೇರ ಕುತ್ತಿಗೆಯ ನಾಳಕ್ಕೇ ಬಿಟ್ಟಿದ್ದರು. ಸೆಲ್ಡಿಂಗರ್ ತೊಡೆಯ ಬಾಗಿಲು ತೆರೆದ ಮೇಲೆ ವೈದ್ಯರು ಕುತ್ತಿಗೆಯನ್ನು ಬಿಟ್ಟು ಕೆಳಗಿನಿಂದ ಹೊರಟರು. ಚುಚ್ಚಲು, ರಕ್ತ ನಿಲ್ಲಿಸಲು ತೊಡೆ ಸುಲಭ. ಆದರೆ ದಾರಿ ಉದ್ದವಾಯಿತು, ಅದರ ನಡುವೆ ಮಹಾಪಧಮನಿಯ ಕಮಾನು ಬಂತು. ಇವತ್ತಿನ ತೊಡಕಿನ ಮೂಲ ಅಲ್ಲಿದೆ.

ಶಸ್ತ್ರಚಿಕಿತ್ಸೆಯಿಂದ ಲಾಭವಿದೆಯೇ ಎಂಬುದನ್ನು 1991ರಲ್ಲಿ ನ್ಯಾಸೆಟ್ ಎಂಬ ಉತ್ತರ ಅಮೆರಿಕದ ಅಧ್ಯಯನ ಖಚಿತಪಡಿಸಿತು. ಲಕ್ಷಣ ಕಾಣಿಸಿಕೊಂಡಿದ್ದು, ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾದವರಲ್ಲಿ ಬರೀ ಔಷಧ ಪಡೆದವರ ಪೈಕಿ ಶೇ. 26ರಷ್ಟು ಜನಕ್ಕೆ ಎರಡು ವರ್ಷದೊಳಗೆ ಅದೇ ಬದಿಯ ಹೊಡೆತ ಬಿತ್ತು. ಶಸ್ತ್ರಚಿಕಿತ್ಸೆ ಆದವರಲ್ಲಿ ಅದು ಶೇ. 9. ಆ ಕಾಲದ ಔಷಧಗಳು ಇಂದಿನಷ್ಟು ಬಲವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಆ ಅಂತರ ದೊಡ್ಡದು.

ಹಾಗಾದರೆ ಸ್ಟೆಂಟ್ ಯಾಕೆ? ಇತ್ತೀಚೆಗೆ ಹೃದಯಾಘಾತ ಆದವರು, ಉಸಿರಾಟದ ತೊಂದರೆ ಇರುವವರು, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರು, ಒಮ್ಮೆ ಕುತ್ತಿಗೆ ಕೊಯ್ದ ಜಾಗದಲ್ಲೇ ಮತ್ತೆ ಬ್ಲಾಕ್ ಆದವರು, ಕವಲು ದವಡೆಯ ಮರೆಗೆ ತೀರಾ ಮೇಲಿರುವವರು. ಇಂಥವರನ್ನು ಕೊಯ್ಯುವುದು ಕಷ್ಟ. ಆಗ ಸ್ಟೆಂಟ್ ನೆನಪಾಗುತ್ತದೆ. ತೊಡಕಿರುವುದೂ ಇಲ್ಲಿಯೇ. ಶಸ್ತ್ರಕ್ರಿಯೆ ತಡೆಯಲಾರರು ಎಂದು ಸ್ಟೆಂಟಿಗೆ ಕಳಿಸುವ ವಯಸ್ಸಾದ, ಸುಸ್ತಾದ ರೋಗಿಗಳಲ್ಲೇ ಕುತ್ತಿಗೆಗೆ ಹೋಗುವ ದಾರಿ ಎಲ್ಲರಿಗಿಂತ ಹೆಚ್ಚು ಕೆಟ್ಟಿರುತ್ತದೆ.

ಕಮಾನಿನ ಮೇಲೆ

ಹೃದಯದಿಂದ ಹೊರಟ ಮಹಾಪಧಮನಿ ಮೇಲಕ್ಕೇರಿ, ಕಮಾನಿನಂತೆ ಬಾಗಿ, ಬೆನ್ನಿನ ಕಡೆಗೆ ಇಳಿಯುತ್ತದೆ. ಕಮಾನಿನ ಮೇಲಿಂದ ಮೂರು ನಾಳಗಳು ಹೊರಡುತ್ತವೆ. ಬಲಗೈಗೂ ಬಲ ಕುತ್ತಿಗೆಗೂ ಸೇರಿ ಒಂದು, ಎಡ ಕ್ಯಾರೋಟಿಡ್ ಒಂದು, ಎಡಗೈಯದು ಒಂದು. ಯೌವನದಲ್ಲಿ ಮೂರೂ ಕಮಾನಿನ ನೆತ್ತಿಯಲ್ಲೇ ಸಾಲಾಗಿರುತ್ತವೆ. ಇದು ಮೊದಲ ಬಗೆ. ತೊಡೆಯಿಂದ ಬಂದ ಕ್ಯಾತಿಟರ್ ಎಂಬ ಕೊಳವೆ ನೆತ್ತಿ ಮುಟ್ಟಿದರೆ ಸಾಕು, ತುದಿ ತಾನಾಗಿ ನಾಳದ ಬಾಯಿಗೆ ಸಿಗುತ್ತದೆ.

ವಯಸ್ಸು, ಬಿ.ಪಿ. ಎರಡೂ ಸೇರಿ ವರ್ಷಗಟ್ಟಲೆ ತಳ್ಳಿ ತಳ್ಳಿ ಈ ಕಮಾನು ಉದ್ದವಾಗುತ್ತದೆ, ನೆತ್ತಿ ಮೇಲೇರುತ್ತದೆ. ನಾಳಗಳು ಹೊರಡುವ ಜಾಗ ಹೃದಯದ ಕಡೆಯ ಇಳಿಜಾರಿನಲ್ಲಿ ಕೆಳಗೆ ಉಳಿಯುತ್ತದೆ. ಬಲಗಡೆಯ ಮೊದಲ ನಾಳ ಕಮಾನಿನ ಒಳಬಾಗಿನ ಮಟ್ಟಕ್ಕಿಂತಲೂ ಕೆಳಗಿದ್ದರೆ ಅದು ಮೂರನೆಯ ಬಗೆ, ಟೈಪ್ ಮೂರು. ತೊಡೆಯಿಂದ ಬಂದ ತಂತಿ ಈಗ ಮೇಲೇರಿ, ನೆತ್ತಿ ದಾಟಿ, ಆ ಕಡೆ ಇಳಿದು, ಅಲ್ಲಿಂದ ಮತ್ತೆ ಚೂಪಾಗಿ ಮೇಲಕ್ಕೆ ತಿರುಗಬೇಕು. ವೈದ್ಯರು ತೊಡೆಯ ಬಳಿ ಮುಂದಕ್ಕೆ ತಳ್ಳಿದ ಬಲ ಕುತ್ತಿಗೆಗೆ ಹೋಗುವುದಿಲ್ಲ. ತಿರುವಿನಲ್ಲಿ ತಂತಿ ಮಡಚಿ ಹೃದಯದ ಕವಾಟದ ಕಡೆಗೆ ಕುಸಿಯುತ್ತದೆ.

ಪೈಜಾಮಕ್ಕೆ ಲಾಡಿ ಏರಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬರೀ ಲಾಡಿಯನ್ನು ಹಿಂದಿನಿಂದ ತಳ್ಳಿದರೆ ಅದು ಮುದ್ದೆಯಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ತುದಿಗೊಂದು ಗಟ್ಟಿ ಪಿನ್ನು ಬೇಕು. ಕ್ಯಾಥ್ ಲ್ಯಾಬಿನ ಪಿನ್ನು ಎಂದರೆ ಗಟ್ಟಿ ಗೈಡ್‌ವೈರ್. ಆದರೆ ಗಟ್ಟಿ ತಂತಿ ತಾನೇ ತಿರುವಿನಲ್ಲಿ ಬಾಗುವುದಿಲ್ಲ. ಮೆತ್ತಗಿನದು ತಿರುಗುತ್ತದೆ, ಆಧಾರ ಕೊಡುವುದಿಲ್ಲ. ಗಟ್ಟಿಯದು ಆಧಾರ ಕೊಡುತ್ತದೆ, ತಿರುಗುವುದಿಲ್ಲ. ಕ್ಯಾರೋಟಿಡ್ ಸ್ಟೆಂಟಿಂಗಿನ ಮುಕ್ಕಾಲು ಕೌಶಲ ಇವೆರಡನ್ನೂ ಹೊಂದಿಸಿಕೊಳ್ಳುವುದರಲ್ಲಿದೆ.

ಮಾಮೂಲಿ ಕ್ರಮ ಹೀಗೆ. ತೊಡೆಯಲ್ಲಿ ಶೀತ್ ಎಂಬ ಗಿಡ್ಡ ಕೊಳವೆ ಕೂರಿಸಿ, ಕ್ಯಾತಿಟರ್ ಏರಿಸಿ, ನುಣುಪಾದ ಮೆತ್ತಗಿನ ತಂತಿಯನ್ನು ಕುತ್ತಿಗೆಯ ಹೊರ ಕವಲಿಗೆ ಕಳಿಸುತ್ತಾರೆ. ಬ್ಲಾಕ್ ಇರುವುದು ಒಳ ಕವಲಿನಲ್ಲಿ, ಅದನ್ನು ಇನ್ನೂ ಮುಟ್ಟುವಂತಿಲ್ಲ. ತಂತಿಯ ಮೇಲೆ ಕ್ಯಾತಿಟರ್ ಸಾಗುತ್ತದೆ. ಮೆತ್ತಗಿನ ತಂತಿ ತೆಗೆದು ಗಟ್ಟಿ ತಂತಿ ಬಿಡುತ್ತಾರೆ. ಕ್ಯಾತಿಟರ್ ತೆಗೆದು ಆ ತಂತಿಯ ಮೇಲೆ ಉದ್ದನೆಯ ಶೀತನ್ನು ಬ್ಲಾಕಿನ ಕೆಳಗಿನವರೆಗೆ ತರುತ್ತಾರೆ. ಬಲೂನು, ಸ್ಟೆಂಟು ಎಲ್ಲ ಮುಂದೆ ಹೋಗುವುದು ಆ ಶೀತಿನೊಳಗೆ. ಇದರ ಒಳವ್ಯಾಸ ಸಾಮಾನ್ಯವಾಗಿ 6 ಫ್ರೆಂಚ್, ಅಂದರೆ ಸುಮಾರು 2 ಮಿ.ಮೀ. ಕೊನೆಗೆ ಬ್ಲಾಕನ್ನು ದಾಟುವ ತಂತಿಯ ದಪ್ಪ 0.014 ಇಂಚು, ಅಂದರೆ 0.36 ಮಿ.ಮೀ.

ಹೊರ ಕವಲೇ ಮುಚ್ಚಿಹೋಗಿದ್ದರೆ? ಗಟ್ಟಿ ತಂತಿಗೆ ನೆಲೆ ಇಲ್ಲ. ಕವಲಿನ ಕೆಳಗಿನ ಸಾಮಾನ್ಯ ನಾಳದಲ್ಲೂ ಪ್ಲಾಕ್ ಇದ್ದರೆ? ತಂತಿಯ ತುದಿ ಎಲ್ಲಿ ನಿಲ್ಲಿಸಿದರೂ ಭಯ. ಆಗ ತುದಿ ಬಾಗಿದ ಗಟ್ಟಿ ತಂತಿಯನ್ನು ಕವಲಿಗೆ ಮುಂಚೆಯೇ ನಿಲ್ಲಿಸಿ ಸಾಧಿಸುತ್ತಾರೆ. ಅಥವಾ ಶೀತಿನೊಳಗೆ ಉದ್ದನೆಯ ಕ್ಯಾತಿಟರ್, ಅದರೊಳಗೆ ತಂತಿ, ಹೀಗೆ ಒಂದರೊಳಗೊಂದು ಸೇರಿಸಿಕೊಂಡು ಸರದಿಯಂತೆ ಮುಂದೊತ್ತುತ್ತಾರೆ. ಟೈಪ್ ಮೂರು ಕಮಾನಿಗೆ ಸಿಮ್ಮನ್ಸ್ ಎಂಬ ಕ್ಯಾತಿಟರ್ ಇದೆ. ತುದಿ ಹಿಮ್ಮುಖವಾಗಿ ಕೊಂಡಿಯ ಹಾಗೆ ತಿರುಗಿರುತ್ತದೆ. ಅದನ್ನು ಮಹಾಪಧಮನಿಯೊಳಗೆ ಮೊದಲು ತನ್ನ ಆಕಾರಕ್ಕೆ ಬರುವಂತೆ ಬಿಚ್ಚಿಕೊಳ್ಳಬೇಕು. ಆಮೇಲೆ ಅದರ ನಡೆ ತಿರುಗುಮುರುಗು. ತೊಡೆಯ ಬಳಿ ಹಿಂದಕ್ಕೆ ಎಳೆದರೆ ತುದಿ ನಾಳದೊಳಗೆ ಮುಂದೆ ಹೋಗುತ್ತದೆ, ತಳ್ಳಿದರೆ ಹೊರಗೆ ಬೀಳುತ್ತದೆ. ಹೊಸಬರ ಕೈ ಇದಕ್ಕೆ ಒಗ್ಗಲು ಕಾಲ ಬೇಕು. ಇಷ್ಟೆಲ್ಲ ಮಾಡಿ ಒಳಹೊಕ್ಕ ಸಿಮ್ಮನ್ಸ್ ಕೂಡ ಗಟ್ಟಿ ತಂತಿ ಒಳಗೆ ಬಂದೊಡನೆ ನೆಟ್ಟಗಾಗಿ ಹೊರಗೆ ಜಾರುವುದುಂಟು.

ಈ ಹೊತ್ತಿನಲ್ಲೆಲ್ಲ ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ. ಪೂರ್ತಿ ಮಂಪರು ಕೊಟ್ಟರೆ ಮಿದುಳಿಗೆ ಏನಾಯಿತು ಎಂದು ತಿಳಿಯುವ ಬಗೆ ಇರುವುದಿಲ್ಲ. ಬಹಳ ಕಡೆ ಬ್ಲಾಕ್ ಇರುವ ಬದಿಯ ವಿರುದ್ಧದ ಕೈಗೆ ಒತ್ತಿದರೆ ಕೀಚ್ ಎನ್ನುವ ರಬ್ಬರ್ ಗೊಂಬೆಯೊಂದನ್ನು ಕೊಟ್ಟಿರುತ್ತಾರೆ. "ಅಜ್ಜಾ, ಒತ್ತರೀ" ಎಂದಾಗ ಕೀಚ್ ಎಂದರೆ ಮಿದುಳು ನೆಟ್ಟಗಿದೆ. ಸದ್ದು ಬರದಿದ್ದರೆ ಆ ಕೋಣೆಯಲ್ಲಿ ಎಲ್ಲರ ಕೈಯೂ ನಿಲ್ಲುತ್ತದೆ. ಲಕ್ಷಗಟ್ಟಲೆ ಬೆಲೆಯ ಸಲಕರಣೆಗಳ ನಡುವೆ ಆ ಮಕ್ಕಳ ಆಟಿಕೆ ಹೇಳುವ ಸುದ್ದಿಯನ್ನು ಬೇರೆ ಯಾವ ಯಂತ್ರವೂ ಅಷ್ಟು ಬೇಗ ಹೇಳಲಾರದು.

ಕುತ್ತಿಗೆ ಮುಟ್ಟಿದ ಮೇಲೂ ತಿರುವು ಮುಗಿಯುವುದಿಲ್ಲ. ಪ್ಲಾಕಿನ ಚೂರು ಮೇಲೆ ಹೋಗದಂತೆ ಬ್ಲಾಕಿನ ಆಚೆ ಸೂಕ್ಷ್ಮ ರಂಧ್ರಗಳ ಬಟ್ಟಲಾಕಾರದ ಫಿಲ್ಟರ್ ತೆರೆಯಬೇಕು. ಅದಕ್ಕೆ ಆಚೆ ಕಡೆ ನಾಳ ತುಸು ದೂರವಾದರೂ ನೆಟ್ಟಗಿರಬೇಕು. ವಯಸ್ಸಾದವರಲ್ಲಿ ಅಲ್ಲೇ ನಾಳ ಸುತ್ತಿ ಮಡಚಿಕೊಂಡಿರುತ್ತದೆ. ಫಿಲ್ಟರ್ ನಾಳದ ಗೋಡೆಗೆ ಸರಿಯಾಗಿ ಅಂಟಿ ಕೂರದಿದ್ದರೆ ಚೂರುಗಳು ಪಕ್ಕದಿಂದ ನುಸುಳುತ್ತವೆ. ಕೆಲವೊಮ್ಮೆ ತಂತಿ ನಾಳವನ್ನು ಬಲವಂತವಾಗಿ ನೆಟ್ಟಗೆ ಮಾಡಿ, ಮಡಿಕೆ ಮೇಲಕ್ಕೆ ಸರಿದು, ಪರದೆಯ ಮೇಲೆ ಹೊಸ ಬ್ಲಾಕಿನಂತೆ ಕಾಣುತ್ತದೆ. ಅದನ್ನು ನಿಜವೆಂದು ನಂಬಿ ಇನ್ನೊಂದು ಸ್ಟೆಂಟ್ ಹಾಕಿದರೆ ಮಡಿಕೆ ಇನ್ನೂ ಮೇಲೆ ಹೋಗುತ್ತದೆ. ತಂತಿ ತುಸು ಹಿಂದೆಳೆದು ನೋಡುವ ತಾಳ್ಮೆ ಇದ್ದವರಿಗೆ ನಿಜ ಕಾಣುತ್ತದೆ. ಫಿಲ್ಟರ್ ಕೂರದ ಕಡೆ ಬ್ಲಾಕಿನ ಕೆಳಗೇ ಬಲೂನಿನಿಂದ ಹರಿವು ತಡೆದು ಕೆಲಸ ಮಾಡುವ ವಿಧಾನವಿದೆ. ಅದಕ್ಕೆ ಇನ್ನೂ ದಪ್ಪ ಕೊಳವೆ ಬೇಕು. ದಪ್ಪ ಕೊಳವೆ ಕಮಾನು ದಾಟುವುದು ಮತ್ತಷ್ಟು ಕಷ್ಟ.

ಇನ್ನೊಂದು ಸಂಗತಿ. ಕವಲಿನ ಬುಡದಲ್ಲಿ ರಕ್ತದೊತ್ತಡವನ್ನು ಅಳೆಯುವ ನರತಂತುಗಳಿವೆ. ಬಲೂನು ಅಲ್ಲಿ ಉಬ್ಬಿದಾಗ ಅವು ಬಿ.ಪಿ. ಏರಿತೆಂದು ತಿಳಿದು ಹೃದಯ ಬಡಿತವನ್ನು ಇಳಿಸುತ್ತವೆ. ಬಡಿತ ಕ್ಷಣಕಾಲ ನಿಂತೇ ಹೋಗುವುದೂ ಉಂಟು. ಅದಕ್ಕಾಗಿಯೇ ಅಟ್ರೋಪಿನ್ ತುಂಬಿದ ಸಿರಿಂಜು ಪಕ್ಕದ ಟ್ರೇಯಲ್ಲಿ ಸಿದ್ಧವಿರುತ್ತದೆ.

ಇನ್ನೊಂದು ಬದಿಯ ಮಿದುಳು ಹೇಳುವ ಸಾಕ್ಷಿ

ದಾರಿಯೇ ಅಪಾಯ ಎನ್ನಲು ಏನು ಆಧಾರ? ನನ್ನನ್ನು ಹೆಚ್ಚು ಒಪ್ಪಿಸಿದ್ದು ಎಂ.ಆರ್.ಐ. ಚಿತ್ರಗಳು. ಐ.ಸಿ.ಎಸ್.ಎಸ್. ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಚಿಕಿತ್ಸೆಗೆ ಮುಂಚೆ ಮತ್ತು ನಂತರ ತೆಗೆದ ಎಂ.ಆರ್.ಐ.ಗಳ ಫಲಿತಾಂಶ 2010ರಲ್ಲಿ ಬಂತು. ಸ್ಟೆಂಟ್ ಆದವರಲ್ಲಿ ಶೇ. 50ರಷ್ಟು ಜನರ ಮಿದುಳಿನಲ್ಲಿ ಹೊಸ ಸಣ್ಣ ಗಾಯಗಳು ಕಂಡವು. ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 17. ಇವುಗಳಲ್ಲಿ ಹೆಚ್ಚಿನವು ಹೊರಗೆ ಯಾವ ಲಕ್ಷಣವನ್ನೂ ತೋರದ ಮೌನ ಗಾಯಗಳು. ಸ್ಟೆಂಟಿಂಗ್ ಆದವರ ಎಂ.ಆರ್.ಐ.ಗಳಲ್ಲಿ ಇಂಥ ಗಾಯಗಳು ಎಷ್ಟೋ ಸಲ ಮಿದುಳಿನ ಇನ್ನೊಂದು ಬದಿಯಲ್ಲೂ ಕಾಣುತ್ತವೆ. ಎಡ ಕುತ್ತಿಗೆಗೆ ಸ್ಟೆಂಟ್ ಹಾಕಿದರೆ ಬಲ ಮಿದುಳಿನಲ್ಲಿ ಗಾಯವೇಕೆ? ಎಡ ಕ್ಯಾರೋಟಿಡಿನ ಪ್ಲಾಕ್ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಆ ಚೂರುಗಳು ಕಳಚಿದ್ದು ಮಹಾಪಧಮನಿಯ ಕಮಾನಿನಲ್ಲಿ, ದಾರಿ ಹುಡುಕುತ್ತ ಕ್ಯಾತಿಟರ್ ಗೋಡೆ ಕೆರೆಯುವಾಗ. ಆ ಹೊತ್ತಿಗೆ ಫಿಲ್ಟರ್ ಇನ್ನೂ ಪೊಟ್ಟಣದಲ್ಲೇ ಇರುತ್ತದೆ.

ಅಮೆರಿಕ ಮತ್ತು ಕೆನಡಾದ 2,502 ರೋಗಿಗಳ ಕ್ರೆಸ್ಟ್ ಅಧ್ಯಯನವೂ 2010ರದ್ದೇ. ಚಿಕಿತ್ಸೆಯ ಆಸುಪಾಸಿನಲ್ಲಿ ಲಕ್ವ ಹೊಡೆದದ್ದು ಸ್ಟೆಂಟ್ ಗುಂಪಿನಲ್ಲಿ ಶೇ. 4.1, ಶಸ್ತ್ರಚಿಕಿತ್ಸೆಯಲ್ಲಿ ಶೇ. 2.3. ಹೃದಯಾಘಾತದಲ್ಲಿ ಲೆಕ್ಕ ತಿರುಗಿತು, ಸ್ಟೆಂಟಿನಲ್ಲಿ ಶೇ. 1.1, ಶಸ್ತ್ರಚಿಕಿತ್ಸೆಯಲ್ಲಿ ಶೇ. 2.3. ಸುಮಾರು 70 ವರ್ಷದ ಈಚೆಗಿನವರಿಗೆ ಸ್ಟೆಂಟ್, ಆಚೆಗಿನವರಿಗೆ ಶಸ್ತ್ರಚಿಕಿತ್ಸೆ ಮೇಲೆಂದು ಕಂಡಿತು. ಈ ಅಧ್ಯಯನದ ಪೂರ್ವಭಾವಿ ಹಂತದಲ್ಲಿ 80 ದಾಟಿದವರಿಗೆ ಸ್ಟೆಂಟ್ ಹಾಕಿದಾಗ ಲಕ್ವ ಮತ್ತು ಸಾವು ಸೇರಿ ಶೇ. 12.1 ಆಗಿತ್ತು. ವಯಸ್ಸು ಅಲ್ಲಿ ಬರೀ ಸಂಖ್ಯೆಯಲ್ಲ. ಉದ್ದವಾದ ಕಮಾನು, ಸುಣ್ಣಗಟ್ಟಿದ ಗೋಡೆ, ಸುತ್ತಿಕೊಂಡ ನಾಳ ಎಲ್ಲವೂ ಅದರೊಳಗಿವೆ. ಫ್ರಾನ್ಸಿನ ಇವಾ ತ್ರೀ ಎಸ್ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 2006ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ಮೂವತ್ತು ದಿನದೊಳಗಿನ ಲಕ್ವ ಅಥವಾ ಸಾವು ಸ್ಟೆಂಟಿನಲ್ಲಿ ಶೇ. 9.6, ಶಸ್ತ್ರಚಿಕಿತ್ಸೆಯಲ್ಲಿ ಶೇ. 3.9. ಅಲ್ಲಿ ಸ್ಟೆಂಟ್ ಹಾಕಿದ ಕೆಲವರಿಗೆ ಈ ಕೆಲಸದಲ್ಲಿ ಸಾಕಷ್ಟು ಅನುಭವ ಇರಲಿಲ್ಲ ಎಂಬ ಟೀಕೆ ಬಂತು. ಅದು ನಿಜವೇ ಆಗಿದ್ದರೆ ರೋಗಿಯ ಕಡೆಯವರು ಕಲಿಯಬೇಕಾದ ಪಾಠ ಇನ್ನೂ ಗಟ್ಟಿಯಾಗುತ್ತದೆ.

ಬೇರೆ ಬಾಗಿಲುಗಳು

ಕೆನಡಾದ ಲೂಸಿಯನ್ ಕಾಂಪೋ 1989ರಲ್ಲಿ ಮಣಿಕಟ್ಟಿನ ನಾಳದಿಂದ ಹೃದಯದ ಆಂಜಿಯೋಗ್ರಾಂ ಮಾಡಬಹುದೆಂದು ತೋರಿಸಿದರು. ಈಗ ಹೃದಯದ ಸ್ಟೆಂಟಿಗೆ ಮಣಿಕಟ್ಟೇ ಹೆದ್ದಾರಿ. ಕುತ್ತಿಗೆಗೂ ಅದು ಕೆಲವರಲ್ಲಿ ಸೊಗಸಾಗಿ ಒದಗುತ್ತದೆ. ಕೆಲವರಲ್ಲಿ ಎಡ ಕ್ಯಾರೋಟಿಡ್ ನೇರ ಕಮಾನಿನಿಂದ ಹೊರಡದೆ ಬಲಗಡೆಯ ಮೊದಲ ನಾಳದಿಂದಲೇ ಕವಲಾಗಿರುತ್ತದೆ. ವೈದ್ಯರು ಬೊವೈನ್ ಆರ್ಚ್ ಎನ್ನುವುದು ಇದನ್ನೇ. ತೊಡೆಯಿಂದ ಹೋದರೆ ಇದು ತಲೆನೋವು. ಬಲ ಮಣಿಕಟ್ಟಿನಿಂದ ಹೋದರೆ ತಂತಿ ಸಹಜವಾಗಿ ಎಡ ಕ್ಯಾರೋಟಿಡಿಗೆ ಹರಿಯುತ್ತದೆ. ಒಂದೇ ದೇಹ, ಒಂದು ಬಾಗಿಲಿನಿಂದ ಕಡು ಕಷ್ಟ, ಇನ್ನೊಂದರಿಂದ ಸಲೀಸು.

ಮಣಿಕಟ್ಟಿಗೂ ಮಿತಿಯಿದೆ. ಬಲಗೈಯಿಂದ ಬಲ ಕ್ಯಾರೋಟಿಡಿಗೆ ತಿರುವು ಬಹಳ ಚೂಪು. ನಾಳ ಸಣ್ಣದು, ಮುಟ್ಟಿದರೆ ಸೆಟೆದುಕೊಳ್ಳುತ್ತದೆ, ದಪ್ಪ ಕೊಳವೆ ಹಿಡಿಸುವುದಿಲ್ಲ. ಆದರೆ ನಮ್ಮ ಸೀಮೆಯ ಬೀಡಿ ಸೇದುವ ಹಿರಿಯರಲ್ಲಿ ಹೊಟ್ಟೆಯ, ತೊಡೆಯ ನಾಳಗಳೇ ಮುಚ್ಚಿದ್ದರೆ ಕೆಳಗಿನ ಬಾಗಿಲು ಬಂದ್ ಆದಂತೆಯೇ. ಅಂಥವರಿಗೆ ಕೈ ಬಿಟ್ಟರೆ ಗತಿಯಿಲ್ಲ. ಇನ್ನೊಂದು ಅನುಕೂಲವೂ ಇದೆ. ತೊಡೆಯಿಂದ ಚಿಕಿತ್ಸೆಯಾದವರು ರಕ್ತ ಒಸರದಂತೆ ಕಾಲು ಚಾಚಿ ತಾಸುಗಟ್ಟಲೆ ಅಲ್ಲಾಡದೆ ಮಲಗಬೇಕು. ಮಣಿಕಟ್ಟಿನವರು ಬೇಗ ಎದ್ದು ಕೂರುತ್ತಾರೆ.

ಮೂರನೆಯ ಬಾಗಿಲು ಕುತ್ತಿಗೆಯೇ. ಕೊರಳೆಲುಬಿನ ಮೇಲೆ ಸಣ್ಣ ಕೊಯ್ತ ಮಾಡಿ, ಕ್ಯಾರೋಟಿಡಿಗೇ ಶೀತ್ ಹಾಕಿ, ರಕ್ತದ ಹರಿವನ್ನು ಹಿಮ್ಮುಖವಾಗಿಸಿ ಫಿಲ್ಟರಿನ ಮೂಲಕ ತೊಡೆಯ ಅಭಿಧಮನಿಗೆ ಹಿಂತಿರುಗಿಸುತ್ತ ಸ್ಟೆಂಟ್ ಕೂರಿಸುವುದು. ಟಿಕಾರ್ ಎಂದು ಇದರ ಹೆಸರು. ಕಮಾನಿನ ಗೊಡವೆಯೇ ಇಲ್ಲ. 2015ರಲ್ಲಿ ವರದಿಯಾದ ರೋಡ್‌ಸ್ಟರ್ ಅಧ್ಯಯನದ 141 ರೋಗಿಗಳಲ್ಲಿ ಮೂವತ್ತು ದಿನದ ಲಕ್ವದ ಪ್ರಮಾಣ ಶೇ. 1.4. ಮೊನಿಜ್ ಆರಂಭಿಸಿದ ಜಾಗಕ್ಕೇ ವೈದ್ಯಲೋಕ ಸುತ್ತಿಕೊಂಡು ಬಂದಿದೆ. ಇದಕ್ಕೆ ಶಸ್ತ್ರಚಿಕಿತ್ಸಕರ ಕೈಯೂ ಕ್ಯಾಥ್ ಲ್ಯಾಬಿನ ಕಣ್ಣೂ ಒಟ್ಟಿಗೆ ಬೇಕು.

ದೂರದ ಹಳ್ಳಿಗಳ ಮಾತು ಬಂದಾಗ ರೋಬೋಟ್ ಪ್ರಸ್ತಾಪವೂ ಬರುತ್ತದೆ. ಡಿಸೆಂಬರ್ 2018ರಲ್ಲಿ ಡಾ. ತೇಜಸ್ ಪಟೇಲ್ ಗಾಂಧಿನಗರದ ಅಕ್ಷರಧಾಮದಲ್ಲಿ ಕೂತು ಸುಮಾರು 32 ಕಿ.ಮೀ. ದೂರದ ಅಹಮದಾಬಾದಿನ ಕ್ಯಾಥ್ ಲ್ಯಾಬಿನಲ್ಲಿ ಮಲಗಿದ್ದ ರೋಗಿಗಳಿಗೆ ರೋಬೋಟ್ ಮೂಲಕ ಹೃದಯದ ಸ್ಟೆಂಟ್ ಹಾಕಿದರು. ದೊಡ್ಡ ಸಾಧನೆ. ಆದರೆ ಆ ಪದ್ಧತಿಯಲ್ಲೂ ಚರ್ಮ ಚುಚ್ಚಿ, ನಾಳದ ದಾರಿ ತೆರೆಯುವ ಕೆಲಸ ರೋಗಿಯ ಪಕ್ಕದಲ್ಲಿರುವ ತಂಡದ್ದೇ. ಈ ಲೇಖನ ಯಾವ ಕಷ್ಟವನ್ನು ಹೇಳುತ್ತಿದೆಯೋ ಅದು ಮಾತ್ರ ಮನುಷ್ಯರ ಕೈಯಲ್ಲೇ ಉಳಿದಿದೆ.

ಹೊರಡುವ ಮುನ್ನವೇ ದಾರಿ ನೋಡಬೇಕು

ಕುತ್ತಿಗೆಯ ಡಾಪ್ಲರ್ ಸ್ಕ್ಯಾನ್ ಬ್ಲಾಕನ್ನು ತೋರಿಸುತ್ತದೆ. ದಾರಿಯನ್ನು ತೋರಿಸುವುದಿಲ್ಲ. ಎದೆಯ ಕಮಾನಿನಿಂದ ಮಿದುಳಿನವರೆಗೆ ತೆಗೆದ ಸಿ.ಟಿ. ಆಂಜಿಯೋಗ್ರಾಂ ಎರಡನ್ನೂ ತೋರಿಸುತ್ತದೆ. ಕಮಾನು ಯಾವ ಬಗೆ, ಗೋಡೆಯಲ್ಲಿ ಪ್ಲಾಕ್ ಎಷ್ಟು, ಹೊರ ಕವಲು ತೆರೆದಿದೆಯೇ, ಬ್ಲಾಕಿನ ಆಚೆ ನಾಳ ನೆಟ್ಟಗಿದೆಯೇ ಎಂಬುದೆಲ್ಲ ಮೇಜಿನ ಮೇಲೆ ಮಲಗುವ ಮುನ್ನವೇ ಗೊತ್ತಾಗುತ್ತದೆ. ಇದನ್ನು ನೋಡಿ, ತೊಡೆಯೋ ಮಣಿಕಟ್ಟೋ ಎಂದು ನಿಶ್ಚಯಿಸಿ, ಮೂರನೆಯ ಬಗೆಯ ಕಮಾನು ಮತ್ತು ಸುಣ್ಣಗಟ್ಟಿದ ಗೋಡೆ ಎರಡೂ ಇದ್ದರೆ ಸ್ಟೆಂಟ್ ಬೇಡವೆಂದು ಶಸ್ತ್ರಚಿಕಿತ್ಸಕರ ಕಡೆ ಕಳಿಸುವ ವೈದ್ಯರು ಒಳ್ಳೆಯ ವೈದ್ಯರು. ಮೇಜಿನ ಮೇಲೆ ಅರ್ಧ ದಾರಿ ಹೋದ ಮೇಲೂ, ಕ್ಯಾತಿಟರ್ ಮತ್ತೆ ಮತ್ತೆ ಜಾರುತ್ತಿದ್ದರೆ ಹಠ ಹಿಡಿಯದೆ ಹೊರಬರುವವರು ಇನ್ನೂ ಒಳ್ಳೆಯ ವೈದ್ಯರು. "ಆಗಲಿಲ್ಲ" ಎಂದು ಹೊರಗೆ ಬಂದು ಹೇಳಿದ ವೈದ್ಯರ ಮೇಲೆ ಮನೆಯವರು ಸಿಟ್ಟಾಗುವುದನ್ನು ಕಂಡಿದ್ದೇನೆ. ದಯವಿಟ್ಟು ಸಿಟ್ಟಾಗಬೇಡಿ. ಬಹಳ ಸಲ ಅವರು ನಿಮ್ಮವರ ಮಾತು, ಕೈ, ಕಾಲು ಉಳಿಸಿರುತ್ತಾರೆ.

ಕರ್ನಾಟಕದಲ್ಲಿ ಮಿದುಳಿನ ನಾಳಗಳ ಚಿಕಿತ್ಸೆಗೆ ಎಲ್ಲರಿಗೂ ಮೊದಲು ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಹೊಳಲಿನಿಂದ ಅದು ಸುಮಾರು 300 ಕಿ.ಮೀ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಗಳು ಮತ್ತು ಜಯನಗರದ ಜನರಲ್ ಆಸ್ಪತ್ರೆಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದವು. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುವ ಏರ್ಪಾಡು ಬಂದಿದೆ. ಹಡಗಲಿಯಲ್ಲೋ ಹರಪನಹಳ್ಳಿಯಲ್ಲೋ ಟಿ.ಐ.ಎ. ಎಂದು ಗುರುತಿಸಿದ ಕೂಡಲೇ ಸಿ.ಟಿ. ಆಂಜಿಯೋಗ್ರಾಂ ಎಲ್ಲಿ, ಅದನ್ನು ನೋಡುವವರು ಯಾರು, ರೋಗಿ ಯಾವ ಊರಿಗೆ ಹೋಗಬೇಕು ಎಂಬುದು ಅದೇ ದಿನ ತೀರ್ಮಾನವಾಗುವಷ್ಟು ಗಟ್ಟಿಯಾದ ಏರ್ಪಾಡು ಮಿದುಳಿಗೂ ಬೇಕು. ಲಕ್ಷಣ ಕಂಡ ಎರಡು ವಾರದೊಳಗೆ ನಾಳ ತೆರೆದರೆ ಲಾಭ ಹೆಚ್ಚು. ಆಮೇಲೆ ದಿನ ಕಳೆದಂತೆ ಲಾಭ ಕರಗುತ್ತದೆ.

ಲಕ್ಷಣವೇ ಇಲ್ಲದೆ, ಹೆಲ್ತ್ ಚೆಕಪ್ಪಿನಲ್ಲಿ ಬ್ಲಾಕ್ ಕಂಡಿದೆ ಎಂದರೆ ಗಾಬರಿಯಿಂದ ಓಡಬೇಕಿಲ್ಲ. ಬಿ.ಪಿ., ಶುಗರ್ ಹತೋಟಿ, ಸ್ಟ್ಯಾಟಿನ್ ಮಾತ್ರೆ, ತಂಬಾಕು ಬಿಡುವುದು ಮೊದಲು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಅಲ್ಲಿ ಸಮಯವಿದೆ.

ಹೊಳಲು ಸೀಮೆಯ ಓದುಗರಿಗೆ ಕೊನೆಯದಾಗಿ ಕೆಲವು ಮಾತು. ಕೈ ಜೋಮು ಹಿಡಿದು, ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಹತ್ತೇ ನಿಮಿಷದಲ್ಲಿ ಸರಿಹೋದರೂ ಅದೇ ಹೊತ್ತಿಗೆ 108ಕ್ಕೆ ಫೋನ್ ಮಾಡಿ. ಸಿ.ಟಿ. ಆಂಜಿಯೋಗ್ರಾಂ ಆಗಿದ್ದರೆ ಬರೀ ರಿಪೋರ್ಟ್ ಹಾಳೆ ಸಾಲದು, ಅದರ ಸಿ.ಡಿ. ಕೇಳಿ ತೆಗೆದುಕೊಳ್ಳಿ. ಮುಂದಿನ ಆಸ್ಪತ್ರೆಯಲ್ಲಿ ಕಮಾನನ್ನು ನೋಡುವುದು ಅದರಲ್ಲಿ. ಸ್ಟೆಂಟ್ ಎಂದಾಗ ಧೈರ್ಯವಾಗಿ ಕೇಳಿ: ತೊಡೆಯಿಂದಲೋ ಮಣಿಕಟ್ಟಿನಿಂದಲೋ, ಕಮಾನು ಹೇಗಿದೆ, ಕುತ್ತಿಗೆಯ ಇಂಥ ಸ್ಟೆಂಟುಗಳನ್ನು ಇಲ್ಲಿ ಎಷ್ಟು ಮಾಡಿದ್ದೀರಿ, ಶಸ್ತ್ರಚಿಕಿತ್ಸೆ ನಮ್ಮವರಿಗೆ ಯಾಕೆ ಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಈ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ಸ್ಟೆಂಟ್ ಆದ ಮೇಲೆ ಬಿ.ಪಿ. ಏರದಂತೆ ನೋಡಿಕೊಳ್ಳಿ. ಮೊದಲ ವಾರಗಳಲ್ಲಿ ವಿಪರೀತ ತಲೆನೋವು ಬಂದರೆ ಮತ್ತೆ ಆಸ್ಪತ್ರೆಗೆ ಓಡಿ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ವೈದ್ಯರು ಸಾಕೆನ್ನುವವರೆಗೆ ನುಂಗಬೇಕು. ಹಲ್ಲು ಕೀಳಿಸಲು ಹೋದಾಗಲೂ, ಊರಿನ ಅಂಗಡಿಯಲ್ಲಿ ಮಾತ್ರೆ ಸಿಗದಿದ್ದಾಗಲೂ ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಆ ಎರಡು ಮಾತ್ರೆಗಳನ್ನು ಒಂದು ದಿನವೂ ನಿಲ್ಲಿಸಬೇಡಿ.